ಬಟ್ಟೆ ರೆಕ್ಕೆಯ ವಿಮಾನ ಹದಿನೆಂಟು ಸಾವಿರ ಕಿಲೋಮೀಟರ್ ಹಾರಿದ್ದು ಹೇಗೆ?

ಪ್ರಶ್ನೆ: 1930ರ ಸುಮಾರಿಗೆ ಎರಡು ರೆಕ್ಕೆಯ ಪುಟ್ಟ ವಿಮಾನಗಳಲ್ಲಿ ಹೊಸಬರು ಒಬ್ಬೊಬ್ಬರೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ, ಕರಾಚಿಯಿಂದ ಲಂಡನ್ನಿಗೆ ಹಾರಿದರು ಅಂತ ಓದಿದೆ. ಮರ ಮತ್ತು ಬಟ್ಟೆಯಲ್ಲಿ ಮಾಡಿದ ವಿಮಾನ ಅಷ್ಟು ದೂರ ಹೇಗೆ ತಾಳಿತು? ಎರಡು ರೆಕ್ಕೆ ಯಾಕೆ ಬೇಕಿತ್ತು? ಜೆ.ಆರ್.ಡಿ. ಟಾಟಾ 1932ರಲ್ಲಿ ಅಂಚೆ ತಂದಿದ್ದೂ ಇಂಥ ವಿಮಾನದಲ್ಲೇ ಅಲ್ವಾ? ಈಗ ಇವನ್ನು ಎಲ್ಲಾದರೂ ನೋಡಬಹುದಾ, ಹತ್ತಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಕೆಲಸ ಕಲಿತಿದ್ದು ಟೈಗರ್ ಮಾತ್ ವಿಮಾನದ ಮೇಲೆ. ಅದು ಐವತ್ತು ವರ್ಷಕ್ಕೂ ಹಿಂದಿನ ಮಾತು, ಒಂದು ಫ್ಲೈಯಿಂಗ್ ಕ್ಲಬ್ಬಿನ ಹ್ಯಾಂಗರಿನಲ್ಲಿ. ಹಾಗಾಗಿ ಈ ವಿಮಾನಗಳ ಬಗ್ಗೆ ನನಗೆ ಪ್ರೀತಿ ಜಾಸ್ತಿ.

ಮೊದಲು ಒಂದೇ ಮಾತಿನಲ್ಲಿ ಉತ್ತರ ಹೇಳುತ್ತೇನೆ. ಆ ವಿಮಾನಗಳು ದಾರಿಯಲ್ಲಿ ಕೆಡುತ್ತಿದ್ದವು, ಬೀಳುತ್ತಿದ್ದವು, ಮುರಿಯುತ್ತಿದ್ದವು. ಆದರೆ ಹಾರಿಸುವವರೇ ಅವನ್ನು ರಿಪೇರಿ ಮಾಡಿಕೊಳ್ಳಬಹುದಿತ್ತು. ಧೈರ್ಯದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಸ್ಪ್ಯಾನರಿನ ಕಥೆಯನ್ನು ಯಾರೂ ಹೇಳುವುದಿಲ್ಲ. ನಾನು ಅದನ್ನೇ ಹೇಳುತ್ತೇನೆ.

ನೀವು ಓದಿದ ಹಾರಾಟಗಳಲ್ಲಿ ಹೆಚ್ಚಿನವು ಒಂದೇ ಮನೆತನದ ವಿಮಾನಗಳಲ್ಲಿ ನಡೆದವು. ಅದು ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಮಾತ್. ಮಾತ್ ಅಂದರೆ ಪತಂಗ. ಕಂಪನಿಯ ಜೆಫ್ರಿ ಡಿ ಹ್ಯಾವಿಲೆಂಡ್ ಅವರಿಗೆ ಚಿಟ್ಟೆ, ಪತಂಗಗಳ ಹುಚ್ಚು. ಈ ವಿಮಾನವೂ ಪತಂಗದ ಹಾಗೆ ರೆಕ್ಕೆಗಳನ್ನು ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಮಡಚಿದ ಮೇಲೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಿ ಶೆಡ್ಡಿನಲ್ಲಿ ನಿಲ್ಲಿಸಬಹುದಿತ್ತು. 1925ರ ಫೆಬ್ರವರಿ 22ರಂದು ಲಂಡನ್ ಹತ್ತಿರದ ಸ್ಟ್ಯಾಗ್ ಲೇನ್ ಮೈದಾನದಿಂದ ಅವರೇ ಇದನ್ನು ಮೊದಲ ಸಲ ಹಾರಿಸಿದರು.

ಅದರ ಎಂಜಿನ್ ಹುಟ್ಟಿದ ರೀತಿ ಕೇಳಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಎಂಟು ಸಿಲಿಂಡರಿನ ರೆನೋ ಎಂಜಿನ್‌ಗಳು ಬೇಕಾದಷ್ಟು ಮಿಕ್ಕಿದ್ದವು. ಫ್ರ್ಯಾಂಕ್ ಹ್ಯಾಲ್ಫರ್ಡ್ ಎಂಬ ಎಂಜಿನಿಯರ್ ಅದರಲ್ಲಿ ಅರ್ಧವನ್ನು, ಅಂದರೆ ನಾಲ್ಕು ಸಿಲಿಂಡರುಗಳನ್ನು, ತೆಗೆದುಕೊಂಡು ಹೊಸ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಬುಡದ ಪೆಟ್ಟಿಗೆ, ಕೂರಿಸಿದರು. 60 ಎಚ್‌ಪಿಯ ಸಿರಸ್ ಎಂಜಿನ್ ಸಿದ್ಧವಾಯಿತು. ಇವತ್ತಿನ ಸಣ್ಣ ಕಾರಿನ ಎಂಜಿನ್ನಿನಷ್ಟೇ ಶಕ್ತಿ! ಹಳೆಯ ಬಿಡಿಭಾಗ ಅಗ್ಗಕ್ಕೆ ಸಿಕ್ಕಿದ್ದರಿಂದ ವಿಮಾನವೂ ಅಗ್ಗವಾಯಿತು. ಮಿಕ್ಕಿದ್ದ ಎಂಜಿನ್‌ಗಳು ಖಾಲಿಯಾಗುತ್ತಾ ಬಂದಾಗ ಅದೇ ಹ್ಯಾಲ್ಫರ್ಡ್ ಹೊಸದಾಗಿ 100 ಎಚ್‌ಪಿಯ ಜಿಪ್ಸಿ ಎಂಜಿನ್ ಮಾಡಿಕೊಟ್ಟರು. ಹಾಗೆ ಬಂದಿದ್ದು ಜಿಪ್ಸಿ ಮಾತ್. ಬೆಲೆ ಸುಮಾರು 650 ಪೌಂಡ್. ಆಗಿನ ನಮ್ಮ ಲೆಕ್ಕದಲ್ಲಿ 8,700 ರೂಪಾಯಿ ಆಸುಪಾಸು. ಬಡವರಿಗೆ ಅದು ಕನಸೇ ಸರಿ. ಆದರೆ ಕ್ಲಬ್ಬುಗಳು ಕೊಳ್ಳಬಹುದಾದ ಬೆಲೆ. ಕ್ಲಬ್ಬು ಕೊಂಡರೆ ಆಫೀಸಿನ ಟೈಪಿಸ್ಟ್ ಕೂಡ ಹಾರಲು ಕಲಿಯಬಹುದು. ಅಂಥ ಒಬ್ಬ ಟೈಪಿಸ್ಟಿನ ಕಥೆಗೆ ಆಮೇಲೆ ಬರುತ್ತೇನೆ.

ಈಗ ಎರಡು ರೆಕ್ಕೆಯ ವಿಷಯ. ರೆಕ್ಕೆ ಎರಡಾದರೆ ಎತ್ತುವ ಶಕ್ತಿಯೂ ಎರಡರಷ್ಟು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಮೇಲಿನ ರೆಕ್ಕೆಯ ಗಾಳಿಗೆ ಕೆಳಗಿನದು ಅಡ್ಡ ಬರುತ್ತದೆ, ಕೆಳಗಿನದಕ್ಕೆ ಮೇಲಿನದು ಅಡ್ಡ ಬರುತ್ತದೆ. ನಿಜವಾದ ಲಾಭ ಗಟ್ಟಿತನದ್ದು. ಮದುವೆ ಮನೆಯ ಚಪ್ಪರ ನೆನಪಿಸಿಕೊಳ್ಳಿ. ಒಂದೇ ಬಿದಿರು ಉದ್ದಕ್ಕೆ ಚಾಚಿಕೊಂಡಿದ್ದರೆ ತುದಿಯಲ್ಲಿ ಬಾಗುತ್ತದೆ. ಮೇಲೊಂದು ಕೆಳಗೊಂದು ಬಿದಿರಿಟ್ಟು, ನಡುವೆ ಗೂಟ ಕೊಟ್ಟು, ಮೂಲೆಯಿಂದ ಮೂಲೆಗೆ ಹಗ್ಗ ಬಿಗಿದರೆ ಅದೇ ಬಿದಿರು ಜಗ್ಗುವುದಿಲ್ಲ. ಬೈಪ್ಲೇನ್ ರೆಕ್ಕೆಯೂ ಅಷ್ಟೇ. ಎರಡು ತೆಳು ರೆಕ್ಕೆ, ನಡುವೆ ಗೂಟದಂಥ ಸ್ಟ್ರಟ್ಟುಗಳು, ಅಡ್ಡಡ್ಡ ಉಕ್ಕಿನ ತಂತಿಗಳು. ಹಾರುವಾಗ ರೆಕ್ಕೆ ಮೇಲಕ್ಕೆ ಜಗ್ಗುತ್ತದೆ. ಅದನ್ನು ಹಿಡಿಯಲು ಇರುವುದು ಫ್ಲೈಯಿಂಗ್ ವೈರ್. ನೆಲದ ಮೇಲೆ ನಿಂತಾಗ ರೆಕ್ಕೆ ತನ್ನದೇ ಭಾರಕ್ಕೆ ಜೋಲುತ್ತದೆ. ಅದನ್ನು ಹಿಡಿಯುವುದು ಲ್ಯಾಂಡಿಂಗ್ ವೈರ್. ಎರಡರಲ್ಲೂ ಬಿಗಿ ಸರಿಯಾಗಿರಬೇಕು. ಒಂದು ಕಡೆ ಸ್ವಲ್ಪ ಸಡಿಲವಾದರೂ ವಿಮಾನ ಒಂದೇ ಪಕ್ಕಕ್ಕೆ ವಾಲಿಕೊಂಡು ಹಾರುತ್ತದೆ.

ಒಮ್ಮೆ ನಾನು ತಂತಿ ಬಿಗಿಯುವ ತಿರುಪು, ಅಂದರೆ ಟರ್ನ್‌ಬಕಲ್, ಒಂದನ್ನು ಬಿಗಿದು, ಅದು ಬಿಚ್ಚಿಕೊಳ್ಳದ ಹಾಗೆ ಸುತ್ತಬೇಕಾದ ಸಣ್ಣ ಲಾಕಿಂಗ್ ವೈರ್ ಸುತ್ತುವುದನ್ನು ಮರೆತಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯರು ಸಂಜೆ ಬಂದರು. ಅವರು ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದರು. ತಂತಿಯ ಉದ್ದಕ್ಕೂ ಬೆರಳು ಆಡಿಸಿಕೊಂಡು ಬಂದು ಅಲ್ಲೇ ನಿಂತರು. ಬೈಯಲಿಲ್ಲ. "ನಾಳೆ ಇದರಲ್ಲಿ ಕೂರುವ ಹುಡುಗನ ಹೆಸರು ಗೊತ್ತಾ?" ಅಂತ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಕೆಲಸದಲ್ಲಿದ್ದಷ್ಟು ದಿನವೂ ನಾನು ಬೆರಳು ಆಡಿಸದೆ ಯಾವ ವಿಮಾನವನ್ನೂ ಬಿಟ್ಟುಕೊಡಲಿಲ್ಲ.

ಬಟ್ಟೆಯ ಬಗ್ಗೆ ಕೇಳಿದ್ದೀರಿ. ರೆಕ್ಕೆಯ ಎಲುಬುಗಳು ಸ್ಪ್ರೂಸ್ ಮರದವು. ಹಗುರ, ಆದರೆ ಗಟ್ಟಿ. ಅದರ ಮೇಲೆ ಲಿನನ್ ಬಟ್ಟೆ ಹೊದಿಸಿ, ಮೇಣ ಹಚ್ಚಿದ ದಾರದಿಂದ ಪ್ರತಿ ಎಲುಬಿಗೂ ಹೊಲಿಯುತ್ತಿದ್ದರು. ಆಮೇಲೆ ಡೋಪ್ ಎಂಬ ದ್ರಾವಣ ಬಳಿಯುವುದು. ಅದರ ವಾಸನೆ ನೇಲ್ ಪಾಲಿಶ್ ಹಾಗೆ. ಒಣಗುತ್ತಾ ಒಣಗುತ್ತಾ ಬಟ್ಟೆ ಕುಗ್ಗಿ ಬಿಗಿಯಾಗುತ್ತದೆ, ತಮಟೆಯನ್ನು ಬೆಂಕಿಗೆ ಹಿಡಿದಾಗ ಬಿಗಿಯಾಗುತ್ತದಲ್ಲ, ಹಾಗೆ. ಸರಿಯಾಗಿ ಒಣಗಿದ ರೆಕ್ಕೆಯನ್ನು ಬೆರಳಲ್ಲಿ ತಟ್ಟಿದರೆ ನಾದ ಬರುತ್ತದೆ. ಸದ್ದು ಮಂಕಾಗಿದ್ದರೆ ಏನೋ ಸರಿಯಿಲ್ಲ ಎಂದರ್ಥ. ಹರಿದರೆ? ಸೂಜಿ, ದಾರ, ಒಂದು ತುಂಡು ಬಟ್ಟೆ, ಸ್ವಲ್ಪ ಡೋಪ್ ಸಾಕು. ಲೋಹದ ರೆಕ್ಕೆ ನಜ್ಜುಗುಜ್ಜಾದರೆ ಕಾರ್ಖಾನೆ ಬೇಕು. ಬಟ್ಟೆ ರೆಕ್ಕೆಗೆ ಒಬ್ಬ ಒಳ್ಳೆಯ ದರ್ಜಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಉಳಿದದ್ದೂ ಹೀಗೇ ಸರಳ. ಪೆಟ್ರೋಲ್ ಟ್ಯಾಂಕ್ ಮೇಲಿನ ರೆಕ್ಕೆಯ ನಡುವೆ ಇರುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನಿಂದ ನಲ್ಲಿಗೆ ನೀರು ಬರುವ ಹಾಗೆ ಪೆಟ್ರೋಲ್ ತಾನಾಗಿ ಎಂಜಿನ್ನಿಗೆ ಇಳಿಯುತ್ತದೆ. ಪಂಪೇ ಇಲ್ಲದ ಮೇಲೆ ಪಂಪ್ ಕೆಡುವ ಭಯವೆಲ್ಲಿ? ವೇಗ ತೋರಿಸಲು ಸ್ಟ್ರಟ್ಟಿನ ಮೇಲೆ ಒಂದು ಪುಟ್ಟ ತಗಡು, ಅದಕ್ಕೊಂದು ಸ್ಪ್ರಿಂಗ್. ಗಾಳಿ ತಳ್ಳಿದಷ್ಟೂ ತಗಡು ಹಿಂದಕ್ಕೆ ಹೋಗುತ್ತದೆ, ಪಕ್ಕದಲ್ಲಿ ಅಂಕಿಗಳಿವೆ, ಓದಿಕೊಳ್ಳಿ. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ, ಬ್ರೇಕ್ ಇಲ್ಲ, ರೇಡಿಯೋ ಇಲ್ಲ. ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕು. ಇನ್ನು ನೆಲ ಮುಟ್ಟುವ ವೇಗ ಗಂಟೆಗೆ ಸುಮಾರು 70 ಕಿಮೀ ಅಷ್ಟೇ. ಎಂಜಿನ್ ನಿಂತರೂ ಒಂದು ಆಟದ ಮೈದಾನ, ಒಂದು ಒಣ ಹೊಲ ಕಂಡರೆ ಇಳಿಸಿಕೊಂಡು ಜೀವ ಉಳಿಸಿಕೊಳ್ಳಬಹುದು. ಹೊಸಬರು ಬದುಕಿ ಬಂದಿದ್ದರ ದೊಡ್ಡ ಗುಟ್ಟು ಈ ನಿಧಾನದಲ್ಲೇ ಇದೆ.

ಈಗ ಆ ಟೈಪಿಸ್ಟ್. ಹೆಸರು ಏಮಿ ಜಾನ್ಸನ್. ಇಂಗ್ಲೆಂಡಿನ ಹಲ್ ಊರಿನವರು, ಲಂಡನ್ನಿನ ಒಂದು ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಸ್ಟ್ಯಾಗ್ ಲೇನಿನಲ್ಲಿದ್ದ ಕ್ಲಬ್ಬಿನಲ್ಲಿ ಹಾರಲು ಕಲಿತರು. ಅಷ್ಟಕ್ಕೇ ಬಿಡಲಿಲ್ಲ. ಹ್ಯಾಂಗರಿನಲ್ಲಿ ಮೆಕ್ಯಾನಿಕ್‌ಗಳ ಜೊತೆ ನಿಂತು ಎಂಜಿನ್ ಬಿಚ್ಚುವುದು, ಜೋಡಿಸುವುದು ಕಲಿತರು. 1929ರಲ್ಲಿ ಗ್ರೌಂಡ್ ಎಂಜಿನಿಯರ್ ಲೈಸೆನ್ಸ್ ಪಡೆದರು. ಆ ಲೈಸೆನ್ಸ್ ಪಡೆದ ಮೊದಲ ಬ್ರಿಟಿಷ್ ಮಹಿಳೆ ಅವರು. ಜನ ಅವರನ್ನು ಪೈಲಟ್ ಎಂದು ನೆನೆಯುತ್ತಾರೆ. ನನಗೆ ಮಾತ್ರ ಅವರು ಮೊದಲು ನಮ್ಮವರು, ಗ್ರೀಸ್ ಕೈಯವರು.

1930ರ ಮೇ 5ರಂದು, 26ರ ವಯಸ್ಸಿನಲ್ಲಿ, ಸೆಕೆಂಡ್ ಹ್ಯಾಂಡ್ ಜಿಪ್ಸಿ ಮಾತ್‌ನಲ್ಲಿ ಕ್ರಾಯ್ಡನ್‌ನಿಂದ ಒಬ್ಬರೇ ಹೊರಟರು. ವಿಮಾನದ ಹೆಸರು ಜೇಸನ್. ಅದಕ್ಕೆ ಮುಂಚೆ ಅವರು ವಿಮಾನದಲ್ಲಿ ಸಮುದ್ರ ದಾಟಿಯೇ ಇರಲಿಲ್ಲ. ವಿಮಾನದ ಪಕ್ಕಕ್ಕೆ ಒಂದು ಹೆಚ್ಚಿನ ಪ್ರೊಪೆಲ್ಲರನ್ನು ಕಟ್ಟಿಕೊಂಡಿದ್ದರು. ಪ್ರತಿ ದಿನ ಇಳಿದ ಮೇಲೆ ಎಂಜಿನ್ ಕೆಲಸ ತಾವೇ ಮಾಡುತ್ತಿದ್ದರು. ಇಡೀ ದಿನ ತೆರೆದ ಕಾಕ್‌ಪಿಟ್ಟಿನಲ್ಲಿ ಗಾಳಿ, ಸದ್ದು, ಎಣ್ಣೆ. ಸಂಜೆ ಮತ್ತೆ ಪ್ಲಗ್ ತೆಗೆದು ಒರೆಸುವುದು, ಎಣ್ಣೆ ಬದಲಿಸುವುದು. ನಿದ್ದೆ ಮಾಡಿದ್ದು ಕೆಲವೇ ಗಂಟೆ.

ಬಾಗ್ದಾದ್ ಹತ್ತಿರ ಮರಳುಗಾಳಿ ಹಿಡಿದುಕೊಂಡು ಮರುಭೂಮಿಯಲ್ಲೇ ಇಳಿಯಬೇಕಾಯಿತು. ಗಾಳಿಗೆ ವಿಮಾನ ಜಾರದಂತೆ ಚಕ್ರಕ್ಕೆ ತಮ್ಮ ಸಾಮಾನುಗಳನ್ನೇ ಅಡ್ಡ ಇಟ್ಟು ಕಾದರು. ಆರನೇ ದಿನ ಕರಾಚಿ ಮುಟ್ಟಿದಾಗ, 1928ರಲ್ಲಿ ಏವ್ರೋ ಏವಿಯನ್ ಬೈಪ್ಲೇನಿನಲ್ಲಿ ಹದಿನೈದೂವರೆ ದಿನಕ್ಕೆ ಆಸ್ಟ್ರೇಲಿಯಾ ಮುಟ್ಟಿದ್ದ ಬರ್ಟ್ ಹಿಂಕ್ಲರ್ ಅವರಿಗಿಂತ ಎರಡು ದಿನ ಮುಂದಿದ್ದರು. ಅಲ್ಲಿಂದ ಅಲಹಾಬಾದಿಗೆ ಹೊರಟಾಗ ಪೆಟ್ರೋಲ್ ಸಾಲದೆ ಝಾನ್ಸಿಯ ಸೈನ್ಯದ ಪರೇಡ್ ಮೈದಾನದಲ್ಲಿ ಇಳಿದರು.

ನನಗೆ ಇಷ್ಟವಾದ ಭಾಗ ಮುಂದಿನದು. ಬರ್ಮಾದಲ್ಲಿ ರಂಗೂನಿಗೆ ಹೋಗಬೇಕಾದವರು ಮಳೆಯಲ್ಲಿ ದಾರಿ ತಪ್ಪಿ ಇನ್ಸೇನ್ ಎಂಬಲ್ಲಿ ಆಟದ ಮೈದಾನಕ್ಕೆ ಇಳಿದರು. ವಿಮಾನ ಓಡಿ ಹೋಗಿ ಹಳ್ಳಕ್ಕೆ ಬಿತ್ತು. ಪ್ರೊಪೆಲ್ಲರ್ ಮುರಿಯಿತು, ರೆಕ್ಕೆ ಹರಿಯಿತು. ಬೇರೆ ಯಾವುದೇ ಜಾಗವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅದು ಒಂದು ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಮೈದಾನ. ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿ ಕೆಲಸಕ್ಕೆ ನಿಂತರು. ರೆಕ್ಕೆಗೆ ತೇಪೆ ಹಾಕಲು ಬಟ್ಟೆ ಬೇಕಲ್ಲ? ಯುದ್ಧದಲ್ಲಿ ಮಿಕ್ಕಿದ್ದ ವಿಮಾನದ ಬಟ್ಟೆಯಲ್ಲೇ ಹೊಲಿಸಿದ ಶರ್ಟುಗಳು ಆ ಊರಿನಲ್ಲಿದ್ದವು. ಅವನ್ನೇ ಹರಿದು ತೇಪೆ ಹಾಕಿದರು. ಪಕ್ಕಕ್ಕೆ ಕಟ್ಟಿಕೊಂಡು ಬಂದಿದ್ದ ಪ್ರೊಪೆಲ್ಲರ್ ಉಪಯೋಗಕ್ಕೆ ಬಂತು. ಈ ರಿಪೇರಿಯಲ್ಲಿ ದಿನಗಳು ಹೋದವು, ಹಿಂಕ್ಲರ್ ದಾಖಲೆ ಕೈತಪ್ಪಿತು. ಆದರೂ ಮೇ 24ರಂದು ಏಮಿ ಡಾರ್ವಿನ್ ಮುಟ್ಟಿದರು. ಹನ್ನೊಂದು ಸಾವಿರ ಮೈಲಿ, ಅಂದರೆ ಸುಮಾರು 18,000 ಕಿಲೋಮೀಟರ್. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರಿದ ಮೊದಲ ಮಹಿಳೆ. ಒಂದು ಊರಿನವರ ಶರ್ಟು ರೆಕ್ಕೆಯಾಗಿ ಸಮುದ್ರ ದಾಟಿತು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ದಾರಿ ಹುಡುಕುತ್ತಿದ್ದುದು ಹೇಗೆ ಎಂದು ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ. ನೆಲದ ಮೇಲಾದರೆ ರೈಲು ಹಳಿ, ನದಿ ನೋಡಿಕೊಂಡು ಹೋಗಬಹುದು. ಸಮುದ್ರದ ಮೇಲೆ? 1931ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ತಮ್ಮ ಜಿಪ್ಸಿ ಮಾತ್‌ಗೆ ಚಕ್ರದ ಬದಲು ತೇಲುವ ಫ್ಲೋಟುಗಳನ್ನು ಹಾಕಿಕೊಂಡು ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹೊರಟರು. ನಡುವೆ ಇದ್ದದ್ದು ನಾರ್ಫೋಕ್, ಲಾರ್ಡ್ ಹೋವ್ ಎಂಬ ಎರಡು ಚುಕ್ಕಿಯಂಥ ದ್ವೀಪಗಳು. ದ್ವೀಪಕ್ಕೆ ನೇರವಾಗಿ ಗುರಿ ಇಟ್ಟು ಹೋಗಿ, ಅದು ಕಾಣದಿದ್ದರೆ ಎಡಕ್ಕೆ ಹುಡುಕುವುದೋ, ಬಲಕ್ಕೋ? ಗೊತ್ತಾಗುವುದಿಲ್ಲ. ಪೆಟ್ರೋಲ್ ಮುಗಿದರೆ ಮುಗಿಯಿತು. ಅದಕ್ಕೆ ಅವರು ಬೇಕೆಂದೇ ಒಂದು ಪಕ್ಕಕ್ಕೆ ಗುರಿ ಇಟ್ಟರು. ಹಾರುತ್ತಲೇ ಸೆಕ್ಸ್‌ಟೆಂಟ್ ಹಿಡಿದು ಸೂರ್ಯನ ಎತ್ತರ ಅಳೆದರು. ದ್ವೀಪದ ಸಾಲಿಗೆ ಬಂದೆ ಎಂದು ಲೆಕ್ಕ ಹೇಳಿದ ತಕ್ಷಣ ಖಚಿತವಾಗಿ ಒಂದೇ ಕಡೆಗೆ ತಿರುಗಿದರು. ಕತ್ತಲಲ್ಲಿ ಹೊಳೆ ದಂಡೆಯ ಊರು ಹುಡುಕುವವನು ಬೇಕೆಂದೇ ಊರಿಗಿಂತ ಮೇಲಕ್ಕೆ ಹೋಗಿ ಹೊಳೆ ಸೇರಿ, ಆಮೇಲೆ ನೀರು ಹರಿಯುವ ಕಡೆಗೆ ನಡೆಯುತ್ತಾನಲ್ಲ, ಅದೇ ಉಪಾಯ. ಲಾರ್ಡ್ ಹೋವ್‌ನಲ್ಲಿ ಗಾಳಿಗೆ ಸಿಕ್ಕಿ ವಿಮಾನ ಮಗುಚಿ ನೀರಲ್ಲಿ ಮುಳುಗಿತು. ದ್ವೀಪದ ಜನರ ಸಹಾಯದಿಂದ ವಾರಗಟ್ಟಲೆ ಕೂತು ಮತ್ತೆ ಕಟ್ಟಿಕೊಂಡು ಹಾರಿದರು. ಅಲ್ಲೂ ಅದೇ ಸೂಜಿ, ದಾರ, ಸ್ಪ್ಯಾನರ್.

ಇನ್ನು ನಮ್ಮವರ ಕಥೆ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬರೇ ಹಾರುವ ಮೊದಲ ಭಾರತೀಯರಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಇಟ್ಟಿದ್ದರು. ಗೊತ್ತುಮಾಡಿದ ಗಡುವಿನೊಳಗೆ ಮುಟ್ಟಬೇಕು. 1930ರಲ್ಲಿ ಮೂವರು ಹೊರಟರು. ಮೂವರದ್ದೂ ಜಿಪ್ಸಿ ಮಾತ್. ಮನಮೋಹನ್ ಸಿಂಗ್ ತಮ್ಮ ವಿಮಾನಕ್ಕೆ 'ಮಿಸ್ ಇಂಡಿಯಾ' ಎಂದು ಹೆಸರಿಟ್ಟಿದ್ದರು. ಆಸ್ಪಿ ಎಂಜಿನಿಯರ್ ಅವರಿಗೆ ಬರೀ 17 ವರ್ಷ, ಹೊರಟಿದ್ದು ಇಂಗ್ಲೆಂಡಿನಿಂದ. ಜೆ.ಆರ್.ಡಿ. ಟಾಟಾ ಅವರಿಗೆ 25, ಹೊರಟಿದ್ದು ಕರಾಚಿಯಿಂದ. 1929ರ ಫೆಬ್ರವರಿ 10ರಂದು ಭಾರತದಲ್ಲಿ ಅವರಿಗೆ ಸಿಕ್ಕ ಪೈಲಟ್ ಲೈಸೆನ್ಸಿನ ನಂಬರ್ 1.

ಎದುರು ಬದುರು ಹಾರುತ್ತಿದ್ದ ಆಸ್ಪಿ ಮತ್ತು ಜೆ.ಆರ್.ಡಿ. ಈಜಿಪ್ಟಿನ ಅಬೂಕೀರ್‌ನಲ್ಲಿ ಭೇಟಿಯಾದರು. ಸ್ಪಾರ್ಕ್ ಪ್ಲಗ್ ಇಲ್ಲದೆ ಆಸ್ಪಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಪ್ಲಗ್ ಕೆಟ್ಟರೆ ಸಿಲಿಂಡರಿನಲ್ಲಿ ಕಿಡಿ ಹತ್ತುವುದಿಲ್ಲ, ಎಂಜಿನ್ ಮಿಸ್ ಹೊಡೆಯುತ್ತದೆ. ಅಂಥ ಎಂಜಿನ್ ನಂಬಿ ಮರುಭೂಮಿ ದಾಟುವುದು ಸಾಧ್ಯವಿಲ್ಲ. ಜೆ.ಆರ್.ಡಿ. ತಮ್ಮ ಬಳಿ ಇದ್ದ ಹೆಚ್ಚಿನ ಪ್ಲಗ್‌ಗಳನ್ನು ಎದುರಾಳಿಗೆ ಕೊಟ್ಟರು. ಆಸ್ಪಿ ತಮ್ಮ ಲೈಫ್ ಜಾಕೆಟ್ ಕೊಟ್ಟರು. ಆಸ್ಪಿ ಮೇ 11ರಂದು ಕರಾಚಿ ಮುಟ್ಟಿ ಬಹುಮಾನ ಗೆದ್ದರು. ಮನಮೋಹನ್ ಸಿಂಗ್ ಮೊದಲೇ ಮುಟ್ಟಿದ್ದರೂ ದಾರಿಯಲ್ಲಿ ತಡವಾಗಿ ಗಡುವು ಮೀರಿತ್ತು.

ಪ್ಲಗ್ ಕೊಟ್ಟಿದ್ದು ದೊಡ್ಡತನ, ನಿಜ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಿ. ಒಬ್ಬರ ಎಂಜಿನ್ನಿನ ಪ್ಲಗ್ ಇನ್ನೊಬ್ಬರದಕ್ಕೆ ಸರಿಯಾಗಿ ಕೂತಿತು. ಕೈಯಲ್ಲೇ ಬಿಚ್ಚಿ ಕೈಯಲ್ಲೇ ಹಾಕಿಕೊಳ್ಳಬಹುದಿತ್ತು. ಜಗತ್ತಿನ ಅರ್ಧ ಭಾಗದಲ್ಲಿ ಒಂದೇ ಬಗೆಯ ಸರಳ ಎಂಜಿನ್ ಓಡಾಡುತ್ತಿತ್ತು. ಹಾಗಿದ್ದಾಗ ಮಾತ್ರ ಇಂಥ ಸ್ನೇಹ ಸಾಧ್ಯ. ಆ ಹುಡುಗ ಆಸ್ಪಿ ಮುಂದೆ ಬೆಂಗಳೂರಿನ ಎಚ್‌ಎಎಲ್‌ಗೆ ಮ್ಯಾನೇಜಿಂಗ್ ಡೈರೆಕ್ಟರ್ ಆಗಿ ಬಂದರು. 1960ರಿಂದ 1964ರವರೆಗೆ ವಾಯುಪಡೆಯ ಮುಖ್ಯಸ್ಥರಾಗಿದ್ದರು.

ಈಗ ಒಂದು ತಪ್ಪು ಸರಿ ಮಾಡಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಅಹಮದಾಬಾದ್ ಮೂಲಕ ಬಾಂಬೆಗೆ ಅಂಚೆ ತಂದ ವಿಮಾನ ಬೈಪ್ಲೇನ್ ಅಲ್ಲ. ಅದು ಪುಸ್ ಮಾತ್. ಅದೇ ಮನೆತನದ್ದು, ಆದರೆ ಒಂದೇ ರೆಕ್ಕೆ, ಮುಚ್ಚಿದ ಕ್ಯಾಬಿನ್. ಆ ದಿನದ ಕಥೆಯ ಜೊತೆ ಟೈಗರ್ ಮಾತ್ ಚಿತ್ರ ಹಾಕುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಬಾಂಬೆಯಿಂದ ಮುಂದಕ್ಕೆ ಆ ಅಂಚೆಯನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಬಳ್ಳಾರಿಯವರಿಗೇ ಈ ವಿಷಯ ಅಷ್ಟಾಗಿ ಗೊತ್ತಿಲ್ಲ. ಆ ಊರಿನ ಮಕ್ಕಳಿಗೆ ಯಾರಾದರೂ ಹೇಳಬೇಕು.

ಎಲ್ಲರೂ ಸುಖವಾಗಿ ಮರಳಿದರು ಎಂದರೆ ಸುಳ್ಳಾಗುತ್ತದೆ. ಹಿಂಕ್ಲರ್ 1933ರ ಜನವರಿಯಲ್ಲಿ ಇಟಲಿಯ ಬೆಟ್ಟಗಳಲ್ಲಿ ಬಿದ್ದು ತೀರಿಕೊಂಡರು. ಅವರು ಹಾರಿಸುತ್ತಿದ್ದುದೂ ಪುಸ್ ಮಾತ್. ಏಮಿ 1941ರಲ್ಲಿ ಯುದ್ಧದ ಕೆಲಸಕ್ಕೆ ವಿಮಾನ ಸಾಗಿಸುವಾಗ ಥೇಮ್ಸ್ ನದಿ ಕಡಲು ಸೇರುವಲ್ಲಿ ಬಿದ್ದು ತೀರಿಕೊಂಡರು. ಮನಮೋಹನ್ ಸಿಂಗ್ 1942ರಲ್ಲಿ ಆಸ್ಟ್ರೇಲಿಯಾದ ಬ್ರೂಮ್ ಮೇಲೆ ಜಪಾನಿನ ದಾಳಿಯಾದಾಗ ಸತ್ತರು.

ನಾನು ಕೆಲಸ ಕಲಿತ ಟೈಗರ್ ಮಾತ್ ಇದೇ ಮನೆತನದ ತಮ್ಮ. 1931ರ ಅಕ್ಟೋಬರ್ 26ರಂದು ಮೊದಲು ಹಾರಿತು. ಸೈನಿಕ ತರಬೇತಿಯಲ್ಲಿ ಮುಂದಿನ ಸೀಟಿನವರು ಪ್ಯಾರಾಚೂಟ್ ಹಾಕಿಕೊಂಡು ಬೇಗ ಹೊರಗೆ ಹಾರಬೇಕು. ಅದಕ್ಕೆ ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಸರಿಸಿದ್ದರಿಂದ ತೂಕದ ಲೆಕ್ಕ ತಪ್ಪಿತು. ಅದನ್ನು ಸರಿದೂಗಿಸಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ಓರೆ ಮಾಡಿದರು. ಟೈಗರ್ ಮಾತ್ ಗುರುತಿಸಲು ಆ ಓರೆ ರೆಕ್ಕೆ ಸಾಕು. ಆಮೇಲೆ ಎಂಜಿನ್ನನ್ನು ತಲೆಕೆಳಗಾಗಿ ಕೂರಿಸಿದರು. ಸಿಲಿಂಡರುಗಳು ಕೆಳಕ್ಕೆ ಹೋದವು, ಪೈಲಟ್‌ಗೆ ಮುಂದಿನ ನೋಟ ತೆರೆಯಿತು. ಎರಡನೇ ಮಹಾಯುದ್ಧದಲ್ಲಿ ನಮ್ಮ ಹುಡುಗರೂ ಸೇರಿ ಸಾವಿರಾರು ಪೈಲಟ್‌ಗಳು ಇದರಲ್ಲೇ ಕಲಿತರು. ಭಾರತದಲ್ಲಿ ಇದರ ಜಾಗಕ್ಕೆ ಬಂದಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2. ಒಂದೇ ರೆಕ್ಕೆಯ ಲೋಹದ ವಿಮಾನ. 1951ರ ಆಗಸ್ಟ್ 5ರಂದು ಮೊದಲು ಹಾರಿದ ಆ ಎಚ್‌ಟಿ-2ರಲ್ಲಿ ಇದ್ದದ್ದೂ ಅದೇ ಜಿಪ್ಸಿ ಮನೆತನದ ಜಿಪ್ಸಿ ಮೇಜರ್ ಎಂಜಿನ್ನೇ. ಗಟ್ಟಿ ಲೋಹ, ಬಲವಾದ ಎಂಜಿನ್ ಸಿಕ್ಕ ಮೇಲೆ ತಂತಿ, ಸ್ಟ್ರಟ್ಟುಗಳು ಬೇಡವಾದವು. ಗಾಳಿಗೆ ಅಡ್ಡ ನಿಂತು ವೇಗ ತಿನ್ನುವುದು ಅವೇ ತಾನೆ.

ನೋಡಬೇಕಾದರೆ ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರಿಗೆ ಹೋಗಿ, ಅಲ್ಲಿ ಎಚ್‌ಟಿ-2 ಇದೆ. ನಮ್ಮ ವಾಯುಪಡೆ ಒಂದು ಟೈಗರ್ ಮಾತ್‌ಗೆ ಮತ್ತೆ ಜೀವ ಕೊಟ್ಟಿದೆ. 2012ರ ವಾಯುಪಡೆ ದಿನ ಅದು ದೆಹಲಿ ಹತ್ತಿರದ ಹಿಂಡನ್‌ನಲ್ಲಿ ಹಾರಿತು. ಏಮಿಯವರ ಜೇಸನ್ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿ ತೂಗುತ್ತಿದೆ. ಇಂಗ್ಲೆಂಡಿನಲ್ಲಿ ನಿಮ್ಮ ಬಂಧುಗಳಿದ್ದರೆ ಓಲ್ಡ್ ವಾರ್ಡನ್‌ನ ಶಟಲ್‌ವರ್ತ್ ಸಂಗ್ರಹಕ್ಕೆ ಹೋಗಲು ಹೇಳಿ. ಅಲ್ಲಿ ಹಳೆಯ ಮಾತ್‌ಗಳು ಈಗಲೂ ಹಾರುತ್ತವೆ. ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಕೆಲವು ಕಡೆ ದುಡ್ಡು ಕೊಟ್ಟು ಟೈಗರ್ ಮಾತ್ ಹತ್ತಲೂಬಹುದು.

ಹತ್ತುವ ಅವಕಾಶ ಸಿಕ್ಕರೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳಿ, ಮೇಲೆ ಗಾಳಿ ಕೊರೆಯುತ್ತದೆ. ಸ್ವಲ್ಪ ಮುಂಚೆ ಹೋಗಿ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವುದನ್ನು ದೂರ ನಿಂತು ನೋಡಿ. ಹತ್ತುವಾಗ ಕೆಳಗಿನ ರೆಕ್ಕೆಯ ಬುಡದಲ್ಲಿ, ಕಾಲಿಡಲೆಂದೇ ಮಾಡಿದ ಗಟ್ಟಿ ಪಟ್ಟಿ ಇರುತ್ತದೆ. ಅದರ ಮೇಲೆ ಮಾತ್ರ ಹೆಜ್ಜೆ ಇಡಿ. ಆಚೆ ಇರುವುದು ಬರೀ ಬಟ್ಟೆ. ಅಲ್ಲಿನ ಮೆಕ್ಯಾನಿಕ್‌ನ ಒಪ್ಪಿಗೆ ಕೇಳಿ, ರೆಕ್ಕೆಯನ್ನು ಬೆರಳ ತುದಿಯಲ್ಲಿ ಒಂದು ಸಲ ಮೆಲ್ಲಗೆ ತಟ್ಟಿ ಕೇಳಿಸಿಕೊಳ್ಳಿ.